ಅಳದು ನೋಡ್ಯಾರೇನು?

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಗದಗಿನಿಂದ ಪುಣೆಗೆ ಕರೆದುಕೊಂಡು ಬಂದೆ. ಅವಳಿಗೆ ಈಗ ಎಪ್ಪತ್ತಾರು. ಊರಿನ ಮನೆಯ ಕಟ್ಟೆಯ ಮೇಲೆ ಕೂತು ಓಣಿಯ ಎಲ್ಲರೊಡನೆ ಮಾತಾಡುತ್ತಿದ್ದವಳನ್ನು ಎಂಟನೇ ಮಹಡಿಯ ಫ್ಲಾಟಿನಲ್ಲಿ ಕೂರಿಸಿದರೆ ಏನಾಗುತ್ತದೆ ಅನ್ನುವುದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ನಾನು ಹೇಳಬೇಕಾಗಿಲ್ಲ. ಮೊದಲು ರೇಡಿಯೋ ನಿಂತಿತು. ಆಮೇಲೆ ಬಾಗಿಲ ಮುಂದಿನ ರಂಗೋಲಿ ನಿಂತಿತು. ರಾತ್ರಿ ಮೂರಕ್ಕೆ ಎದ್ದು ಕತ್ತಲಲ್ಲಿ ಸೋಫಾದ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಊಟ ಅರ್ಧವಾಯಿತು.

ಒಬ್ಬ ವೈದ್ಯರ ಹತ್ತಿರ ಕರೆದೊಯ್ದೆ. ಅವರು ಐದಾರು ನಿಮಿಷ ಹಿಂದಿಯಲ್ಲಿ ಮಾತಾಡಿಸಿ, ನನ್ನ ಕಡೆ ತಿರುಗಿ, "ವಯಸ್ಸಾಯಿತಲ್ಲ, ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗುತ್ತದೆ, ಅಷ್ಟೇ" ಎಂದು ಒಂದು ಗುಳಿಗೆ ಬರೆದುಕೊಟ್ಟರು. ಕಾರಿನಲ್ಲಿ ಅವ್ವ ಕೇಳಿದಳು: "ಏನೋ ಕಡಿಮಿ ಆಗೇದ ಅಂದ್ರಲ್ಲ, ಅಳದು ನೋಡ್ಯಾರೇನು?"

ಅಳೆದಿರಲಿಲ್ಲ. ಬಿ.ಪಿ. ನೋಡಿದ್ದರು, ತೂಕ ನೋಡಿದ್ದರು, ಸೆರೊಟೋನಿನ್ ಮಾತ್ರ ನೋಡಿರಲಿಲ್ಲ. ಅದನ್ನು ಅಳೆಯಲು ಬರುತ್ತದೆಯೇ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ಎಂ.ಟೆಕ್., ಅದೂ ಇಮೇಜ್ ಪ್ರೊಸೆಸಿಂಗ್‌ನಲ್ಲಿ. ಈಗ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಮೇಲ್ವಿಚಾರಣೆ. ಹೀಗಾಗಿ "ಕಡಿಮೆಯಾಗಿದೆ" ಎಂದು ಯಾರಾದರೂ ಹೇಳಿದರೆ "ಯಾವುದಕ್ಕೆ ಹೋಲಿಸಿ? ಹೇಗೆ ಅಳೆದಿರಿ?" ಎಂದು ಕೇಳುವುದು ನನ್ನ ಕಸುಬು. ಅವತ್ತು ಆಸ್ಪತ್ರೆಯಲ್ಲಿ ನಾನು ಕೇಳಲಿಲ್ಲ; ಅವ್ವ ಕೇಳಿದಳು. ಆ ಪ್ರಶ್ನೆಯ ಹಿಂದೆ ಬಿದ್ದು ಕೆಲವು ತಿಂಗಳು ಓದಿದ್ದರ ಫಲ ಈ ಬರಹ. ಜೀವಂತ ಮನುಷ್ಯರ ಮೆದುಳಿನಲ್ಲಿ ವಯಸ್ಸಿನೊಡನೆ ಏನು ಕಡಿಮೆಯಾಗುತ್ತದೆ ಎಂದು ನಿಜವಾಗಿಯೂ ಅಳೆದು ನೋಡಿದವರಿದ್ದಾರೆ. ಅವರ ಕಥೆ ಸ್ವಾರಸ್ಯಕರವಾಗಿದೆ.

ಸೆರೊಟೋನಿನ್ ಮೊದಲು ಸಿಕ್ಕಿದ್ದು ಮೆದುಳಿನಲ್ಲಲ್ಲ, ಕರುಳಿನಲ್ಲಿ. 1930ರ ದಶಕದಲ್ಲಿ ಇಟಲಿಯ ವಿಜ್ಞಾನಿ ವಿತ್ತೋರಿಯೊ ಎರ್ಸ್ಪಾಮೆರ್ ಕರುಳಿನ ಒಳಪದರದ ಕೆಲವು ಕೋಶಗಳಲ್ಲಿ ಸ್ನಾಯುಗಳನ್ನು ಸಂಕುಚಿಸುವ ಒಂದು ವಸ್ತುವನ್ನು ಕಂಡು ಅದಕ್ಕೆ 'ಎಂಟೆರಮಿನ್' ಎಂದು ಹೆಸರಿಟ್ಟರು. ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಇರ್ವಿನ್ ಪೇಜ್ ಎಂಬುವರು ರಕ್ತದೊತ್ತಡದ ಕಾರಣ ಹುಡುಕುತ್ತಿದ್ದರು. ಹೆಪ್ಪುಗಟ್ಟಿದ ರಕ್ತದ ಸೀರಮ್ಮಿನಲ್ಲಿರುವ ಯಾವುದೋ ವಸ್ತು ರಕ್ತನಾಳಗಳನ್ನು ಬಿಗಿಮಾಡಿ ಅವರ ಪ್ರಯೋಗಗಳಿಗೆ ಅಡ್ಡಬರುತ್ತಿತ್ತು. ಅದೇನೆಂದು ತಿಳಿಯಲು ಮಾರಿಸ್ ರ‍್ಯಾಪೋರ್ಟ್ ಮತ್ತು ಆರ್ಡಾ ಗ್ರೀನ್ ದನದ ಸೀರಮ್ಮಿನಿಂದ ಅದನ್ನು ಬೇರ್ಪಡಿಸಿದರು. ಅದು 1948. ಸೀರಮ್ಮಿನಲ್ಲಿದ್ದು ನಾಳಗಳ ಬಿಗಿಯನ್ನು ಹೆಚ್ಚಿಸುವುದರಿಂದ ಹೆಸರು ಸೆರೊಟೋನಿನ್. ಮರುವರ್ಷ ರ‍್ಯಾಪೋರ್ಟ್ ಅದರ ರಾಸಾಯನಿಕ ರಚನೆಯನ್ನು ಹೇಳಿದರು. ಇಟಲಿಯ ಎಂಟೆರಮಿನ್ ಮತ್ತು ಅಮೆರಿಕದ ಸೆರೊಟೋನಿನ್ ಎರಡೂ ಒಂದೇ ಎಂದು ಖಚಿತವಾದದ್ದು 1952ರಲ್ಲಿ. ಇಂದಿಗೂ ನಮ್ಮ ದೇಹದ ಸೆರೊಟೋನಿನ್‌ನ ಬಹುಪಾಲು, ಸುಮಾರು ಶೇ. 90ರಷ್ಟು, ಇರುವುದು ಕರುಳಿನಲ್ಲಿಯೇ. ಹಾಗಾಗಿ ರಕ್ತ ತೆಗೆದು ಪರೀಕ್ಷಿಸಿದರೆ ಮೆದುಳಿನ ಲೆಕ್ಕ ಸಿಗುವುದಿಲ್ಲ. ಅವ್ವನ ಪ್ರಶ್ನೆಗೆ ಸಲೀಸಾದ ಉತ್ತರ ಇಲ್ಲದಿರುವುದಕ್ಕೆ ಇದು ಮೊದಲ ಕಾರಣ.

ಇದು ಮೆದುಳಿನಲ್ಲೂ ಇದೆ ಎಂದು ತೋರಿಸಿದವರು ಬೆಟ್ಟಿ ಟ್ವಾರೋಗ್ ಎಂಬ ಯುವ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಅವರು ಅಧ್ಯಯನ ಮಾಡುತ್ತಿದ್ದುದು ಸಮುದ್ರದ ಚಿಪ್ಪುಜೀವಿಗಳನ್ನು. ಬಿಗಿಹಿಡಿದ ಚಿಪ್ಪಿನ ಸ್ನಾಯುವನ್ನು ಸಡಿಲಿಸುವ ನರಸಂದೇಶ ಸೆರೊಟೋನಿನ್ ಇರಬಹುದೆಂದು ಅವರಿಗೆ ಕಂಡಿತು. ಚಿಪ್ಪಿನಲ್ಲಿದ್ದರೆ ದೊಡ್ಡ ಪ್ರಾಣಿಗಳ ಮೆದುಳಲ್ಲಿ ಏಕೆ ಇರಬಾರದು ಎಂದು ಕ್ಲೀವ್‌ಲ್ಯಾಂಡ್‌ಗೆ ಹೋಗಿ, ಪೇಜ್ ಅವರ ಪ್ರಯೋಗಾಲಯದಲ್ಲಿ ಹುಡುಕಿ, 1953ರಲ್ಲಿ ಸಸ್ತನಿಗಳ ಮೆದುಳಿನಲ್ಲಿ ಸೆರೊಟೋನಿನ್ ಇದೆ ಎಂದು ಪ್ರಕಟಿಸಿದರು.

ಇಲ್ಲಿ ನಮ್ಮ ದೇಶದ ಒಂದು ಗಿಡ ಕಥೆಯೊಳಗೆ ಬರುತ್ತದೆ: ಸರ್ಪಗಂಧಿ. ಪಶ್ಚಿಮ ಘಟ್ಟದ ಕಡೆಯವರಿಗೆ ಇದು ಪರಿಚಯದ ಗಿಡ. ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಇದರ ಬೇರು ಉಪಯುಕ್ತ ಎಂದು 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದಿದ್ದರು. ಆದರೆ ಜಗತ್ತು ಕಿವಿಗೊಟ್ಟದ್ದು 1949ರಲ್ಲಿ. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲೆ ಇದರ ಪರಿಣಾಮವನ್ನು ಲೆಕ್ಕವಿಟ್ಟು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ತೆಗೆದರು. 1955ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಬರ್ನಾರ್ಡ್ ಬ್ರೋಡಿ ಮತ್ತವರ ಸಂಗಡಿಗರು ಈ ರೆಸರ್ಪಿನ್ ದೇಹದ ಸೆರೊಟೋನಿನ್ ಸಂಗ್ರಹವನ್ನು ಖಾಲಿಮಾಡುತ್ತದೆ ಎಂದು ತೋರಿಸಿದರು. ಅದೇ ಹೊತ್ತಿಗೆ ರಕ್ತದೊತ್ತಡಕ್ಕೆಂದು ರೆಸರ್ಪಿನ್ ತೆಗೆದುಕೊಂಡ ಕೆಲವರು ಖಿನ್ನರಾದರು ಎಂಬ ವರದಿಗಳು ಬಂದವು. ಆ ವರದಿಗಳ ಬಗ್ಗೆ ನಂತರ ಸಾಕಷ್ಟು ತಕರಾರು ನಡೆಯಿತು. ಆದರೆ ಸೆರೊಟೋನಿನ್ ಖಾಲಿಯಾದರೆ ಮನಸ್ಸು ಮುದುಡುತ್ತದೆ ಎಂಬ ಸರಳ ಸಮೀಕರಣ ಅಷ್ಟರಲ್ಲಿ ಬೇರುಬಿಟ್ಟಾಗಿತ್ತು. ನಮಗೆ ಆಸ್ಪತ್ರೆಯಲ್ಲಿ ಕೇಳಿಬಂದ ಮಾತಿನ ವಂಶಾವಳಿ ಇಲ್ಲಿಗೆ ಬಂದು ಮುಟ್ಟುತ್ತದೆ.

ಇನ್ನು ಗ್ರಾಹಕಗಳ ವಿಷಯ. ಸೆರೊಟೋನಿನ್ ಒಂದು ನರಕೋಶದಿಂದ ಹೊರಬಂದು ಇನ್ನೊಂದನ್ನು ತಲುಪಿದಾಗ ಅದನ್ನು ಹಿಡಿದುಕೊಳ್ಳಲು ಅಲ್ಲೊಂದು ಪ್ರೋಟೀನ್ ಇರಬೇಕು. ಅದು ಗ್ರಾಹಕ. ಕೀಲಿಕೈ ಸೆರೊಟೋನಿನ್ ಆದರೆ ಬೀಗ ಇದು. ಬೀಗ ಒಂದೇ ಬಗೆಯದಲ್ಲ ಎಂದು 1957ರಲ್ಲಿ ಜಾನ್ ಗ್ಯಾಡಮ್ ಮತ್ತು ಪಿಕರೆಲ್ಲಿ ಹೇಳಿದರು. ಅವರು ನೋಡಿದ್ದೂ ಕರುಳಿನಲ್ಲೇ. ಮೆದುಳಿನ ಬೀಗಗಳನ್ನು ವಿಂಗಡಿಸಿದ್ದು 1979ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸ್ಟೀಫನ್ ಪೆರೌಟ್ಕಾ ಮತ್ತು ಸಾಲೊಮನ್ ಸ್ನೈಡರ್. ವಿಕಿರಣ ಸೂಸುವ ಅಣುಗಳನ್ನು ಮೆದುಳಿನ ಅಂಗಾಂಶದೊಡನೆ ಬೆರೆಸಿ, ಯಾವುದು ಎಲ್ಲಿ ಅಂಟಿಕೊಳ್ಳುತ್ತದೆ ಎಂದು ಅವರು ಎಣಿಸಿದರು. ಒಂದು ಗುಂಪು ಸೆರೊಟೋನಿನ್ ಅನ್ನೇ ಗಟ್ಟಿಯಾಗಿ ಹಿಡಿಯುತ್ತಿತ್ತು, ಇನ್ನೊಂದು ಸ್ಪೈಪೆರೋನ್ ಎಂಬ ಔಷಧವನ್ನು. ಮೊದಲನೆಯದು 5-ಎಚ್‌ಟಿ1, ಎರಡನೆಯದು 5-ಎಚ್‌ಟಿ2 ಆಯಿತು. ಇಂದು ಏಳು ಕುಟುಂಬಗಳು, ಹದಿನಾಲ್ಕು ಬಗೆಗಳು ಎಂದು ಲೆಕ್ಕ. ನಮ್ಮ ಕಥೆಗೆ ಬೇಕಾದವು ಎರಡೇ: 1ಎ ಮತ್ತು 2ಎ.

ವಯಸ್ಸಾದಂತೆ ಈ ಬೀಗಗಳು ಕಡಿಮೆಯಾಗುತ್ತವೆಯೇ? ಆಗಿದ್ದ ದಾರಿ ಒಂದೇ: ಸತ್ತವರ ಮೆದುಳನ್ನು ತೆಗೆದು ನೋಡುವುದು. ಹೌದು, ಕಡಿಮೆಯಿವೆ ಎಂದು ಕೆಲವರು ಬರೆದರು. ಆದರೆ ಸತ್ತು ಎಷ್ಟು ಗಂಟೆಯ ಮೇಲೆ ಮೆದುಳನ್ನು ತೆಗೆದರು, ಕೊನೆಯ ದಿನಗಳಲ್ಲಿ ಆತ ಯಾವ ಔಷಧ ತೆಗೆದುಕೊಂಡಿದ್ದ, ಯಾವ ಕಾಯಿಲೆಯಿಂದ ಸತ್ತ, ಇವೆಲ್ಲ ಲೆಕ್ಕವನ್ನು ಕೆಡಿಸುತ್ತಿದ್ದವು. ಆರೋಗ್ಯವಂತ ಮುದುಕನೊಬ್ಬನ ಮೆದುಳು, ಅವನು ಬದುಕಿರುವಾಗಲೇ ಬೇಕಿತ್ತು.

ಅದಕ್ಕೆ ದಾರಿ ಬಂದದ್ದು ಭೌತಶಾಸ್ತ್ರದಿಂದ. ಎಲೆಕ್ಟ್ರಾನಿನ ಪ್ರತಿರೂಪವಾದ ಪಾಸಿಟ್ರಾನ್ ಇರಬೇಕೆಂದು ಪಾಲ್ ಡಿರಾಕ್ ಲೆಕ್ಕದಲ್ಲಿ ಕಂಡಿದ್ದರು. 1932ರಲ್ಲಿ ಕಾರ್ಲ್ ಆ್ಯಂಡರ್ಸನ್ ಅದನ್ನು ಪ್ರಯೋಗದಲ್ಲಿ ಕಂಡರು. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದರೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಓಡುತ್ತವೆ. ಸುತ್ತಲೂ ಬಳೆಯಂತೆ ಸಂವೇದಕಗಳನ್ನು ಇಟ್ಟು, ಎದುರುಬದುರಿನ ಎರಡು ಸಂವೇದಕಗಳಿಗೆ ಒಂದೇ ಕ್ಷಣದಲ್ಲಿ ಕಿರಣ ಬಡಿದರೆ, ಡಿಕ್ಕಿ ನಡೆದದ್ದು ಆ ಎರಡನ್ನು ಸೇರಿಸುವ ಗೆರೆಯ ಮೇಲೆ ಎಂದು ತಿಳಿಯುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರವನ್ನು ಕಟ್ಟುವುದು ಗಣಿತದ ಕೆಲಸ. ನನ್ನ ಎಂ.ಟೆಕ್. ದಿನಗಳಲ್ಲಿ ಇಂಥ ಗೆರೆಗಳಿಂದ ಚಿತ್ರ ಕಟ್ಟುವ ಪ್ರೋಗ್ರಾಮ್ ಬರೆಯುತ್ತ ರಾತ್ರಿಗಳನ್ನು ಕಳೆದಿದ್ದೇನೆ. ಆಗ ಅದು ಯಾರ ತಲೆಯ ಚಿತ್ರ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

1950ರ ದಶಕದ ಆರಂಭದಲ್ಲಿ ಬಾಸ್ಟನ್ನಿನಲ್ಲಿ ಗಾರ್ಡನ್ ಬ್ರೌನೆಲ್ ಮತ್ತು ವಿಲಿಯಂ ಸ್ವೀಟ್ ಪಾಸಿಟ್ರಾನ್ ಬಳಸಿ ಮೆದುಳಿನ ಗೆಡ್ಡೆಗಳನ್ನು ಹುಡುಕಿದರು. 1970ರ ದಶಕದಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಮತ್ತು ಮಿಶೆಲ್ ಟೆರ್-ಪೊಗೋಸಿಯನ್ ಸೇರಿ ಇಂದಿನ ಪೆಟ್ ಸ್ಕ್ಯಾನರಿಗೆ ರೂಪ ಕೊಟ್ಟರು. 1976ರ ಆಗಸ್ಟ್‌ನಲ್ಲಿ ವಿಕಿರಣಶೀಲ ಸಕ್ಕರೆಯನ್ನು ಲಾಂಗ್ ಐಲೆಂಡಿನ ಬ್ರೂಕ್‌ಹೇವನ್‌ನಲ್ಲಿ ತಯಾರಿಸಿ, ಚಿಕ್ಕ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದು, ಮೊದಲ ಬಾರಿ ಮನುಷ್ಯರಿಗೆ ಚುಚ್ಚಿದರು. ಆ ಸಕ್ಕರೆಯಲ್ಲಿದ್ದ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ ಆದ್ದರಿಂದ ವಿಮಾನದ ಸಾಹಸ ಸಾಧ್ಯವಾಯಿತು. ಗ್ರಾಹಕಗಳನ್ನು ನೋಡಲು ಮೊದಲು ಬಳಕೆಗೆ ಬಂದ ಕಾರ್ಬನ್-11ರ ಅರ್ಧಾಯುಷ್ಯ ಕೇವಲ 20 ನಿಮಿಷ. ಸೈಕ್ಲೋಟ್ರಾನಿನಲ್ಲಿ ತಯಾರಾದ ಕಾರ್ಬನ್ ಅನ್ನು ಔಷಧದ ಅಣುವಿಗೆ ಜೋಡಿಸಿ, ಶುದ್ಧಮಾಡಿ, ಪರೀಕ್ಷಿಸಿ, ಕಾದು ಮಲಗಿರುವವನ ರಕ್ತಕ್ಕೆ ಸೇರಿಸುವುದರೊಳಗೆ ಅದರಲ್ಲಿ ದೊಡ್ಡ ಪಾಲು ಕರಗಿಹೋಗಿರುತ್ತದೆ. ಡೆಡ್‌ಲೈನ್ ಎಂಬ ಪದವನ್ನು ದಿನಕ್ಕೆ ಇಪ್ಪತ್ತು ಸಲ ಬಳಸುವ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು.

1983ರ ಮೇ 25. ಜಾನ್ಸ್ ಹಾಪ್ಕಿನ್ಸ್‌ನ ಪರಮಾಣು ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥ ಹೆನ್ರಿ ವ್ಯಾಗ್ನರ್ ಸ್ಕ್ಯಾನರಿನೊಳಗೆ ತಾವೇ ಮಲಗಿದರು. ಆಗ ಅವರಿಗೆ 56 ವರ್ಷ. ಅವರಿಗೆ ಚುಚ್ಚಿದ್ದು ಕಾರ್ಬನ್-11 ಜೋಡಿಸಿದ ಮಿಥೈಲ್‌ಸ್ಪೈಪೆರೋನ್. ಕೆಲವೇ ವರ್ಷ ಮೊದಲು ಅದೇ ವಿಶ್ವವಿದ್ಯಾಲಯದಲ್ಲಿ ಪೆರೌಟ್ಕಾ ಮತ್ತು ಸ್ನೈಡರ್ ಪ್ರಯೋಗಾಲಯದ ನಳಿಕೆಯಲ್ಲಿ ಬಳಸಿದ್ದ ಔಷಧದ ಹತ್ತಿರದ ಬಂಧು ಅದು. ಈಗ ಅದು ಉಸಿರಾಡುತ್ತಿರುವ ಮನುಷ್ಯನ ಮೆದುಳಿಗೆ ಹೋಗಿ ಗ್ರಾಹಕಗಳಿಗೆ ಅಂಟಿಕೊಂಡಿತು. ಅಂಟಿಕೊಂಡದ್ದು ಚಿತ್ರದಲ್ಲಿ ಕಂಡಿತು. ಆ ಅಣು ಮುಖ್ಯವಾಗಿ ಹಿಡಿಯುತ್ತಿದ್ದುದು ಡೋಪಮಿನ್ ಗ್ರಾಹಕಗಳನ್ನು, ಮೆದುಳಿನ ಆಳದ ಭಾಗದಲ್ಲಿ. ಹೊರಪದರದಲ್ಲಿ ಮಾತ್ರ ಅದು ಸೆರೊಟೋನಿನ್‌ನ ಎರಡನೇ ಬಗೆಯ ಗ್ರಾಹಕಕ್ಕೂ ಅಂಟುತ್ತಿತ್ತು. ಹೀಗೆ ಒಂದೇ ಚುಚ್ಚುಮದ್ದಿನಲ್ಲಿ ಎರಡು ವ್ಯವಸ್ಥೆಗಳ ನೋಟ ಸಿಕ್ಕಿತು.

ಮರುವರ್ಷವೇ, 1984ರಲ್ಲಿ, ಅದೇ ತಂಡದ ಡೀನ್ ವಾಂಗ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ನಮ್ಮ ಪ್ರಶ್ನೆಗೆ ಜೀವಂತ ಮೆದುಳಿನಿಂದ ಬಂದ ಮೊದಲ ಉತ್ತರಗಳಲ್ಲೊಂದು. 19ರಿಂದ 73 ವರ್ಷದ 44 ಆರೋಗ್ಯವಂತರನ್ನು ಅವರು ಸ್ಕ್ಯಾನ್ ಮಾಡಿದ್ದರು. ವಯಸ್ಸು ಹೆಚ್ಚಿದಂತೆ ಡೋಪಮಿನ್ ಗ್ರಾಹಕಗಳ ಲೆಕ್ಕವೂ ಇಳಿದಿತ್ತು, ಸೆರೊಟೋನಿನ್ ಗ್ರಾಹಕಗಳ ಲೆಕ್ಕವೂ ಇಳಿದಿತ್ತು. ಈ ಇಳಿಕೆ ಅರವತ್ತರ ನಂತರ ಒಮ್ಮೆಲೇ ಬರುವ ಕುಸಿತವಲ್ಲ. ಇಪ್ಪತ್ತರ ಹರೆಯದಿಂದಲೇ ಶುರುವಾಗುವ ಇಳಿಜಾರು. ಈ ಲೆಕ್ಕದಲ್ಲಿ 'ವಯಸ್ಸಾಯಿತು' ಎನ್ನುವುದು ನನ್ನ ಅವ್ವನಿಗಷ್ಟೇ ಸೇರಿದ ಮಾತಲ್ಲ. ನನಗೆ ನಲವತ್ತಾರು, ನಾನೂ ಅದೇ ಇಳಿಜಾರಿನ ಮಧ್ಯದಲ್ಲಿದ್ದೇನೆ. ನನ್ನ ತಂಡದಲ್ಲಿ ಹೋದ ತಿಂಗಳು ಸೇರಿದ ಹುಡುಗರೂ ಅದರ ಮೇಲೆ ಕಾಲಿಟ್ಟಾಗಿದೆ. ಆದರೂ ಅವರಿಗೆ ಬೇಸರವಾದರೆ ಯಾರೂ ವಯಸ್ಸಿನ ಕಾರಣ ಹೇಳುವುದಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ವೈದ್ಯರ ಮಾತು ಅಷ್ಟರಮಟ್ಟಿಗೆ ಸರಿ ಎನ್ನಬೇಕಾಗುತ್ತಿತ್ತು. ಆದರೆ ಆಮೇಲೆ ಬಂದವರು ಇನ್ನೊಂದು ಪ್ರಶ್ನೆ ಕೇಳಿದರು. ಅದು ನೇರವಾಗಿ ನನ್ನ ಹಳೆಯ ಪಠ್ಯಪುಸ್ತಕದ ಪ್ರಶ್ನೆ.

ಯಾವ ಕ್ಯಾಮೆರಾಕ್ಕೂ ಒಂದು ಮಿತಿಯಿದೆ. ಪೆಟ್ ಸ್ಕ್ಯಾನರಿನ ಒಂದು ಚುಕ್ಕೆ ಹಲವು ಮಿಲಿಮೀಟರ್ ಅಗಲಕ್ಕೆ ಮಸುಕಾಗಿ ಹರಡಿರುತ್ತದೆ. ಮೆದುಳಿನ ಹೊರಪದರದ ದಪ್ಪವಾದರೋ ಎರಡರಿಂದ ನಾಲ್ಕು ಮಿಲಿಮೀಟರ್. ವಯಸ್ಸಾದಂತೆ ಆ ಪದರ ಇನ್ನಷ್ಟು ತೆಳುವಾಗುತ್ತದೆ, ಮಡಿಕೆಗಳ ನಡುವಿನ ಸಂದು ಅಗಲವಾಗುತ್ತದೆ, ಅಲ್ಲಿ ನೀರಿನಂಥ ದ್ರವ ತುಂಬಿಕೊಳ್ಳುತ್ತದೆ. ಆ ದ್ರವದಲ್ಲಿ ಗ್ರಾಹಕಗಳಿಲ್ಲ. ಮಸುಕು ಚಿತ್ರದಲ್ಲಿ ಪದರದ ಹೊಳಪೂ ದ್ರವದ ಕತ್ತಲೂ ಬೆರೆತು ಸರಾಸರಿ ಕಡಿಮೆ ಕಾಣುತ್ತದೆ. ಹಾಲಿಗೆ ನೀರು ಬೆರೆತರೆ ಲೋಟದಲ್ಲಿ ಹಾಲು ತೆಳುವಾಗಿ ಕಾಣುತ್ತದೆ. ಹಸುವಿನ ಹಾಲೇ ತೆಳುವಾಯಿತು ಎನ್ನಲಾಗದು. ಇದಕ್ಕೆ ನಮ್ಮ ಪಠ್ಯದಲ್ಲಿ ಪಾರ್ಷಿಯಲ್ ವಾಲ್ಯೂಮ್ ದೋಷ ಎಂದು ಹೆಸರು. ಹಾಗಾದರೆ 1984ರಲ್ಲಿ ಕಂಡ ಇಳಿಜಾರು ಗ್ರಾಹಕಗಳದೋ, ಬರೀ ಮೆದುಳು ಕುಗ್ಗಿದ್ದರ ನೆರಳೋ?

ಇದಕ್ಕೆ ಉತ್ತರ ಹುಡುಕಲು ಎರಡು ಸಾಧನ ಬೇಕಿದ್ದವು. ಒಂದು, ಸೆರೊಟೋನಿನ್ 2ಎ ಗ್ರಾಹಕಕ್ಕೇ ಹೆಚ್ಚಾಗಿ ಅಂಟುವ ಅಣು. ಬೆಲ್ಜಿಯಂನ ಲಿಯೇಜ್‌ನಲ್ಲಿ ಕ್ರಿಶ್ಚಿಯನ್ ಲೆಮೇರ್ ಮತ್ತು ಸಂಗಡಿಗರು ಫ್ಲೋರಿನ್-18 ಜೋಡಿಸಿದ ಆಲ್ಟಾನ್ಸೆರಿನ್ ಅನ್ನು ಈ ಕೆಲಸಕ್ಕೆ ಸಿದ್ಧಪಡಿಸಿದರು. ಎರಡು, ಮೆದುಳಿನ ಆಕಾರವನ್ನು ನಿಖರವಾಗಿ ತೋರಿಸುವ ಎಂ.ಆರ್.ಐ. ಚಿತ್ರ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ಯಾರೊಲಿನ್ ಮೆಲ್ಟ್ಸರ್ ಮತ್ತವರ ತಂಡ ಎರಡನ್ನೂ ಒಂದರ ಮೇಲೊಂದು ಕೂರಿಸಿತು. ಪ್ರತಿಯೊಬ್ಬರಲ್ಲೂ ಎಷ್ಟು ಅಂಗಾಂಶ, ಎಷ್ಟು ದ್ರವ ಎಂದು ಎಂ.ಆರ್.ಐ.ಯಿಂದ ಲೆಕ್ಕಹಾಕಿ, ಬೆರೆತ ನೀರಿನ ಪಾಲನ್ನು ತೆಗೆದು, ಉಳಿದ ಹಾಲು ಎಷ್ಟು ಗಟ್ಟಿ ಎಂದು ನೋಡಿದರು. 1998ರಲ್ಲಿ ಅವರು ಪ್ರಕಟಿಸಿದ ಉತ್ತರ: ತಿದ್ದುಪಡಿ ಮಾಡಿದ ಮೇಲೂ ಇಳಿಕೆ ಉಳಿಯುತ್ತದೆ. ಅಂದರೆ 2ಎ ಗ್ರಾಹಕಗಳು ವಯಸ್ಸಿನೊಡನೆ ನಿಜವಾಗಿಯೂ ಕಡಿಮೆಯಾಗುತ್ತವೆ.

ತಮ್ಮ ವಾದಕ್ಕೆ ಎಲ್ಲಿ ಪೆಟ್ಟು ಬೀಳಬಹುದೋ ಅಲ್ಲೇ ಕೈಯಿಟ್ಟು ನೋಡಿದರಲ್ಲ, ಅದು ನನಗೆ ಈ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಘಟ್ಟ. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಗ್ರಾಫ್ ಕೆಳಗಿಳಿದರೆ ಕಾರಣ ಸಿಗುವುದಕ್ಕೆ ಎರಡು ನಿಮಿಷ ಸಾಕು. ಗ್ರಾಫೇ ಸರಿಯಿದೆಯೇ ಎಂದು ಕೇಳಿದವನನ್ನು ಎಲ್ಲರೂ ಸಿಟ್ಟಿನಿಂದ ನೋಡುತ್ತಾರೆ.

1ಎ ಗ್ರಾಹಕದ ಕಥೆ ಇಷ್ಟು ಸಲೀಸಾಗಿ ಮುಗಿಯಲಿಲ್ಲ. 1990ರ ದಶಕದ ಮಧ್ಯದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅದನ್ನು ನೋಡುವ ಅಣು ಬಳಕೆಗೆ ಬಂತು. 2001ರಲ್ಲಿ ಟೊರಾಂಟೊದ ತಂಡವೊಂದು ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಕೆ ಎಂದು ಹೇಳಿತು. 2002ರಲ್ಲಿ ಹ್ಯಾಮರ್‌ಸ್ಮಿತ್‌ನವರು 61 ಗಂಡಸರ ಲೆಕ್ಕ ಹಾಕಿ, ವಯಸ್ಸಿಗೂ ಇದಕ್ಕೂ ಸಂಬಂಧವೇ ಕಾಣುತ್ತಿಲ್ಲ ಎಂದರು. ಪಿಟ್ಸ್‌ಬರ್ಗ್‌ನವರಿಗೆ ಗಂಡಸರಲ್ಲಿ ಇಳಿಕೆ ಕಂಡಿತು, ಹೆಂಗಸರಲ್ಲಿ ಕಾಣಲಿಲ್ಲ. ಮೂವರೂ ನುರಿತವರೇ. 2019ರಲ್ಲಿ ಇಂಥ ಸುಮಾರು 30 ಅಧ್ಯಯನಗಳ, ಸಾವಿರಕ್ಕೂ ಹೆಚ್ಚು ಜನರ ಲೆಕ್ಕಗಳನ್ನು ಒಟ್ಟುಗೂಡಿಸಿ ನೋಡಿದಾಗ 2ಎ ಗ್ರಾಹಕದ ಇಳಿಕೆ ಗಟ್ಟಿಯಾಗಿ ನಿಂತಿತು. 1ಎ ವಿಷಯದಲ್ಲಿ ಅಂಥ ದೊಡ್ಡ ಇಳಿಕೆ ಕಾಣಲಿಲ್ಲ. ಹೀಗಾಗಿ 'ವಯಸ್ಸಾದರೆ ಸೆರೊಟೋನಿನ್ ಕಡಿಮೆ' ಎಂಬ ಒಂದು ವಾಕ್ಯದಲ್ಲಿ ಮೊದಲ ತಪ್ಪು, ಅಳೆದದ್ದು ಸೆರೊಟೋನಿನ್ ಅನ್ನು ಅಲ್ಲ, ಅದರ ಗ್ರಾಹಕಗಳನ್ನು. ಎರಡನೇ ತಪ್ಪು, ಎಲ್ಲ ಗ್ರಾಹಕಗಳೂ ಒಂದೇ ದಾರಿ ಹಿಡಿಯುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 1999ರಲ್ಲಿ ಅದೇ ಪಿಟ್ಸ್‌ಬರ್ಗ್ ತಂಡ ಮೂರು ಗುಂಪಿನ ವಯಸ್ಸಾದವರನ್ನು ಆಲ್ಟಾನ್ಸೆರಿನ್ ಬಳಸಿ ನೋಡಿತು: ಆರೋಗ್ಯವಂತರು, ಆಲ್ಜೈಮರ್ಸ್ ಇದ್ದವರು, ಇಳಿವಯಸ್ಸಿನ ಖಿನ್ನತೆ ಇದ್ದವರು. ಆಲ್ಜೈಮರ್ಸ್ ಇದ್ದವರಲ್ಲಿ 2ಎ ಗ್ರಾಹಕಗಳು ತಮ್ಮ ವಯಸ್ಸಿನ ಆರೋಗ್ಯವಂತರಿಗಿಂತ ಕಡಿಮೆಯಿದ್ದವು. ಖಿನ್ನತೆ ಇದ್ದವರಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಗ್ರಾಹಕ ಇಳಿದೂ ನಗುನಗುತ್ತ ಇರುವ ಮುದುಕರಿದ್ದಾರೆ, ಅಷ್ಟೇ ಗ್ರಾಹಕಗಳನ್ನು ಇಟ್ಟುಕೊಂಡು ರಾತ್ರಿ ಮೂರಕ್ಕೆ ಎದ್ದು ಕೂರುವವರೂ ಇದ್ದಾರೆ. ಇದು ಚಿಕ್ಕ ಅಧ್ಯಯನ. ಒಂದೇ ಗ್ರಾಹಕದ ಮಾತು. ಗುಳಿಗೆಗಳು ಕೆಲಸಮಾಡುವುದಿಲ್ಲ ಎಂದೂ ಇದರ ಅರ್ಥವಲ್ಲ. ಆದರೆ ಮುಪ್ಪು ಮತ್ತು ಖಿನ್ನತೆ ಒಂದೇ ಗೆರೆಯ ಮೇಲಿನ ಹಿಂದುಮುಂದಿನ ಚುಕ್ಕೆಗಳಲ್ಲ ಎಂದು ಹೇಳಲು ಇಷ್ಟು ಸಾಕು. ಮುಪ್ಪು ಸಹಜ. ಖಿನ್ನತೆ ಕಾಯಿಲೆ. ಅದಕ್ಕೆ ಔಷಧವಿದೆ, ಆರೈಕೆಯಿದೆ. 'ವಯಸ್ಸಾಯಿತಲ್ಲ, ಅಷ್ಟೇ' ಎಂದಾಗ ಕಾಯಿಲೆಯನ್ನೂ ಸಹಜದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಆ ವೈದ್ಯರೊಬ್ಬರೇ ಅಲ್ಲ, ಅವ್ವನನ್ನು ಅಲ್ಲಿಗೆ ಕರೆದೊಯ್ಯಲು ಆರು ತಿಂಗಳು ತಡಮಾಡಿದ ನಾನೂ ಮಾಡಿದ್ದು ಅದನ್ನೇ.

ಇನ್ನೊಂದು ಸಂದೇಹ ಉಳಿದಿದೆ. 1984ರಲ್ಲಿ 73 ವರ್ಷದವರಾಗಿದ್ದವರು ಹುಟ್ಟಿದ್ದು 1911ರ ಸುಮಾರಿಗೆ. ಎರಡು ಮಹಾಯುದ್ಧ, ನಡುವೆ ಮಹಾ ಆರ್ಥಿಕ ಕುಸಿತ ಕಂಡವರು. 19ರವರು ಹುಟ್ಟಿದ್ದು 1965ರ ಹೊತ್ತಿಗೆ. ಇವರಿಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಣುವ ವ್ಯತ್ಯಾಸ ವಯಸ್ಸಿನದೋ, ಬೇರೆ ಕಾಲದಲ್ಲಿ ಬೆಳೆದದ್ದರದೋ? ಒಬ್ಬನೇ ಮನುಷ್ಯನನ್ನು ಇಪ್ಪತ್ತು ಮೂವತ್ತು ವರ್ಷ ಬಿಡದೆ ಹಿಂಬಾಲಿಸಿದರೆ ಮಾತ್ರ ಇದು ಬಿಡಿಸಿಕೊಳ್ಳುತ್ತದೆ. ವಿಕಿರಣವನ್ನು ಚುಚ್ಚಿ ಮಾಡುವ, ಸೈಕ್ಲೋಟ್ರಾನ್ ಬೇಡುವ ಪರೀಕ್ಷೆಯಲ್ಲಿ ಅದು ಸುಲಭವಲ್ಲ. ನಮ್ಮ ದೇಶಕ್ಕೆ ಮೊದಲ ಪೆಟ್ ಸ್ಕ್ಯಾನರ್ ಬಂದದ್ದೇ 2002ರಲ್ಲಿ, ಮುಂಬೈಯ ಪರೇಲ್‌ನಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯ ಕೇಂದ್ರಕ್ಕೆ. ಈಗ ಪುಣೆಯಲ್ಲೂ ಇವೆ, ಆದರೆ ಅವುಗಳ ಮುಂದಿನ ಸಾಲು ಹೆಚ್ಚಾಗಿ ಕ್ಯಾನ್ಸರ್ ರೋಗಿಗಳದು. ಗ್ರಾಹಕ ಎಣಿಸುವುದು ಇಂದಿಗೂ ಸಂಶೋಧಕರ ಕೆಲಸ, ಆಸ್ಪತ್ರೆಯ ನಿತ್ಯದ ಪರೀಕ್ಷೆಯಲ್ಲ.

ಆದರೆ ಅದೇ ಜನರನ್ನು ಮತ್ತೆ ಮತ್ತೆ ನೋಡುವ ತಾಳ್ಮೆಯ ಕೆಲಸ ನಮ್ಮ ನಾಡಿನಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ 45 ದಾಟಿದ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದೆ. ಅದು ಸೆರೊಟೋನಿನ್ ಗ್ರಾಹಕ ಎಣಿಸುವ ಯೋಜನೆಯಲ್ಲ. ನೆನಪು, ರಕ್ತ, ನಡಿಗೆ, ಮೆದುಳಿನ ಚಿತ್ರ ಇಂಥವನ್ನು ನೋಡುವಂಥದು. ಆದರೂ ರಾಗಿ ಬೆಳೆಯುವ, ಮಾವು ಬೆಳೆಯುವ ಆ ರೈತರ ಮುಪ್ಪು ಬಾಲ್ಟಿಮೋರಿನ ಸ್ವಯಂಸೇವಕರ ಮುಪ್ಪಿನ ಹಾಗೆಯೇ ಇರಬೇಕೆಂದೇನೂ ಇಲ್ಲ. ಅಳೆದು ನೋಡಿದ ಹೊರತು ಗೊತ್ತಾಗದು.

ಅವ್ವನನ್ನು ಎರಡನೇ ವೈದ್ಯರ ಬಳಿ ಕರೆದೊಯ್ದೆ. ಅವರು ಮುಕ್ಕಾಲು ಗಂಟೆ ಕೊಟ್ಟರು. ನಾನು ನಡುವೆ ಕೂತು ಗದಗಿನ ಕನ್ನಡವನ್ನು ಮರಾಠಿಗೆ ತಿರುಗಿಸಿದೆ. ನಿದ್ದೆ, ಹಸಿವು, ಅಪ್ಪನ ಸಾವು, ದಿನವಿಡೀ ಯಾರೊಡನೆ ಮಾತಾಡುತ್ತೀರಿ, ಎಲ್ಲ ಕೇಳಿದರು. ಥೈರಾಯ್ಡ್ ಮತ್ತು ಬಿ-12 ಪರೀಕ್ಷೆ ಮಾಡಿಸಿದರು. ಬಿ-12 ತೀರ ಕಡಿಮೆಯಿತ್ತು. ಅದು ಅಳೆದು ಸಿಕ್ಕ 'ಕಡಿಮೆ'. ಅದಕ್ಕೆ ಇಂಜೆಕ್ಷನ್ ಕೊಟ್ಟರು. ಮೊದಲ ವೈದ್ಯರ ಗುಳಿಗೆಯನ್ನೂ ಮುಂದುವರಿಸಿ ಎಂದರು, ಆದರೆ ಕಾರಣ ಹೇಳಿ: ಇದು ಖಿನ್ನತೆ, ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಜೊತೆಗೆ ಸಂಜೆ ಕೆಳಗಿಳಿದು ನಾಲ್ಕು ಜನರ ನಡುವೆ ಕೂರಲೇಬೇಕು ಎಂದರು. ಮೂರನೇ ಟವರಿನಲ್ಲಿ ಬಾಗಲಕೋಟೆಯ ಒಬ್ಬ ಅಜ್ಜಿ ಇದ್ದಾರೆ ಎಂದು ಹೀಗೆ ಗೊತ್ತಾಯಿತು. ಈಗ ಅವ್ವ ನಿದ್ದೆ ಮಾಡುತ್ತಾಳೆ, ಊಟ ಪೂರ್ತಿ ಮಾಡುತ್ತಾಳೆ. ಇಂಜೆಕ್ಷನ್ನೋ, ಗುಳಿಗೆಯೋ, ಬಾಗಲಕೋಟೆಯೋ, ಯಾವುದರಿಂದ ಎಂದು ಕೇಳಿದರೆ ಹೇಳಲಾರೆ. ಒಂದೇ ರಿಲೀಸಿನಲ್ಲಿ ಮೂರು ಬದಲಾವಣೆ ಮಾಡಬೇಡಿ ಎಂದು ನನ್ನ ತಂಡಕ್ಕೆ ಸದಾ ಹೇಳುವವನು ನಾನೇ.

ಈ ಬರಹ ಬರೆಯುತ್ತಿದ್ದಾಗ ಅವ್ವ ಪಕ್ಕದಲ್ಲಿ ಕೂತು ಏನು ಬರೀತಿ ಎಂದಳು. ಪ್ರಯೋಗ ಮಾಡಲು ಹೊರಟ ಡಾಕ್ಟರು ತಾನೇ ಯಂತ್ರದಾಗ ಮಲಗಿದ ಕಥೆ ಹೇಳಿದೆ. ಅವಳಿಗೆ ಅದು ಬಹಳ ಹಿಡಿಸಿತು.

"ಹಂಗಾರ ಅವರದು ಎಷ್ಟಿತ್ತು?"

ಒಬ್ಬರ ಲೆಕ್ಕ ಎಷ್ಟಿದ್ದರೂ ಅಷ್ಟರಿಂದಲೇ ಏನೂ ತಿಳಿಯೋದಿಲ್ಲ ಅವ್ವ, ಅದಕ್ಕೇ ಆಮೇಲೆ 44 ಜನರನ್ನು ನೋಡಬೇಕಾಯಿತು, ಇದು ಬಹಳ ಜನರ ಸರಾಸರಿ ನೋಡಿ ಹೇಳುವ ಮಾತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಷ್ಟ ಮಂದೀನ್ನ ನೋಡಿ ಹೇಳೂ ಮಾತು, ಅವರು ನನ್ನ ಒಬ್ಬಾಕೀನ್ನ ಐದು ಮಿನಿಟು ನೋಡಿ ಹೆಂಗ ಹೇಳಿದರು?" ಎಂದು ಕೇಳಿ, ಸಂಜೆಯಾಯಿತೆಂದು ಚಪ್ಪಲಿ ಹುಡುಕಲು ಎದ್ದಳು.